ಕಂಬಳಿಯೊಳಗಿನ ಕಿಡಿ

ಮನೆಗೆ ಸವತಿ ಬಂದಳು ಎಂದು ಮಾವಿನಕುರ್ವೆಯ ದೇವಿ ನೆರೆಯವರಲ್ಲಿ ಹೇಳಿಕೊಂಡದ್ದು ಅರವತ್ತಮೂರನೇ ಇಸವಿಯಲ್ಲಿ. ಸವತಿ ಎಂದರೆ, ಅವಳ ಗಂಡ ದುರ್ಗಪ್ಪ ಜನ ದಾಟಿಸುವ ತನ್ನ ದೋಣಿಯ ಹಿಂಬದಿಗೆ ತಗುಲಿಸಲು ಮುಂಬಯಿಯಿಂದ ತರಿಸಿದ ಹಳೆಯ ಮೋಟರು. (ಅವನು ದಿನಾ ಅದಕ್ಕೆ ಎಣ್ಣೆ ಹಚ್ಚಿ ಒರೆಸುವುದನ್ನು ಕಂಡವರಿಗೆ ಆ ಮಾತು ಸುಳ್ಳೆನಿಸಲಿಲ್ಲ.)

ಶರಾವತಿಗೆ ಸೇತುವೆ ಇಲ್ಲದ ಕಾಲ. ಮೋಟರು ಎಂಟು ದಿನ ನದಿಯನ್ನು ಗಡಗಡ ನಡುಗಿಸಿ ಒಂಬತ್ತನೆಯ ದಿನ ಮೌನವ್ರತ ಹಿಡಿಯಿತು. ಅಷ್ಟರಲ್ಲಿ ದೇವಿಯ ತಮ್ಮ ರಮಾನಂದನ ಮದುವೆ ಬಂತು. ಹೆಣ್ಣಿನ ಮನೆ ಆಚೆ ದಡದ ಹೊನ್ನಾವರ. ದಿಬ್ಬಣವನ್ನು ಮೋಟರು ದೋಣಿಯಲ್ಲೇ ತರುತ್ತೇನೆಂದು ದುರ್ಗಪ್ಪ ಬೀಗರೆದುರು ಮೀಸೆ ತಿರುವಿ ಹೇಳಿಯಾಗಿತ್ತು.

ಮೂರು ದಿನ ಅವನು ವೈದ್ಯನಾದ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಮರಳುಕಾಗದದಿಂದ ಉಜ್ಜಿದ. ಒಲೆಯ ಬಳಿ ಒಣಗಿಸಿದ; ಅದಕ್ಕೆ ಬಂಗಡೆ ಸಾರಿನ ಪರಿಮಳ ಹತ್ತಿತೇ ಹೊರತು ಜೀವ ಬರಲಿಲ್ಲ. ಹೊಸ ಪ್ಲಗ್ ಹಾಕಿದರೂ ಅದೇ ಕತೆ.

ಮದುವೆಯ ಬೆಳಿಗ್ಗೆ ಬಾಸಿಂಗ ಕಟ್ಟಿದ ರಮಾನಂದ, ಅವನ ಸೋದರತ್ತೆ ಲಕ್ಕಿ, ಡೋಲಿನವರು ಎಲ್ಲ ದೋಣಿ ಹತ್ತಿ ಕೂತರು. ದುರ್ಗಪ್ಪ ಹೊಸ ಧೋತರ ಉಟ್ಟು ಹಗ್ಗ ಎಳೆದ, ಎಳೆದ, ಎಳೆದೇ ಎಳೆದ. ಮುಹೂರ್ತ ಮೀರುತ್ತದೆ, ಹುಟ್ಟು ಹಾಕೋಣ ಎಂದಳು ದೇವಿ. ಹುಟ್ಟು ಮುಟ್ಟಿದರೆ ಮರ್ಯಾದೆ ಹೋಯಿತು ಎಂದ ಅವನು. ಆಗ ಅವನಿಗೆ ಹೊಳೆಯಿತು: ಕಿಡಿ ಬರುತ್ತಿದೆಯೋ ಇಲ್ಲವೋ ನೋಡಬೇಕು; ಬಿಸಿಲಿಗೆ ಕಾಣದು, ಕತ್ತಲೆ ಬೇಕು. ಪ್ಲಗ್ಗನ್ನು ಅದರ ವಾಯರಿನ ಸಮೇತ ಹೊರತೆಗೆದು ಮೋಟರಿನ ಮೈಗೆ ತಾಗಿಸಿಟ್ಟ. ಕಂಬಳಿಯೊಂದನ್ನು ಮೋಟರಿನ ಮೇಲೂ ತನ್ನ ಮೇಲೂ ಎಳೆದುಕೊಂಡು, ತಾನು ಹಗ್ಗ ಎಳೆಯುವಾಗ ನೋಡುವುದಕ್ಕೆ ಹೆಂಡತಿಯನ್ನೂ ಒಳಗೆ ಕರೆದ.

ಹಾಡುಹಗಲಲ್ಲಿ ಗಂಡಹೆಂಡತಿ ಒಂದೇ ಕಂಬಳಿಯೊಳಗೆ! ಡೋಲು ನಿಂತಿತು. ಲಕ್ಕಿ ಅತ್ತೆ ನದಿಯ ಕಡೆ ಮುಖ ತಿರುಗಿಸಿದಳು. ಒಳಗಿನ ಮಾತು ಮಾತ್ರ ಕೇಳುತ್ತಿತ್ತು.

“ಎಂತ ಕಾಣ್ತದೆ?”

“ಪ್ಲಗ್ಗಿನಲ್ಲಿ ಎಂತದೂ ಇಲ್ಲ. ಈ ವಾಯರಿನ ನಡುವೆ ನೀಲಿ ಕಿಡಿ ಹಾರ್ತದೆ. ಇಲ್ಲಿ ಸಿಪ್ಪೆ ಒಡ್ದದೆ ಕಾಣಿ.”

ಹೆಂಡತಿಯ ಮಾತು ಖಾತರಿ ಮಾಡಿಕೊಳ್ಳಲು ದುರ್ಗಪ್ಪ ಅಲ್ಲಿಗೇ ಬೆರಳಿಟ್ಟು ಮತ್ತೊಮ್ಮೆ ಹಗ್ಗ ಎಳೆದ. ಕಂಬಳಿಯೊಳಗಿಂದ ಹೊರಟ ಚೀತ್ಕಾರಕ್ಕೆ ದಿಬ್ಬಣದವರು ಬೇರೆಯೇ ಅರ್ಥ ಕಟ್ಟಿದರು.

ಉಪ್ಪುಗಾಳಿಗೆ ರಬ್ಬರು ಒಡೆದು, ಕಿಡಿ ಪ್ಲಗ್ ಮುಟ್ಟುವ ಮೊದಲೇ ಮೋಟರಿನ ಮೈಗೆ ಸೋರುತ್ತಿತ್ತು. ದೇವಿ ದಡದ ಬೇಲಿಗೆ ಕಟ್ಟಿದ್ದ ಸೈಕಲ್ ಟ್ಯೂಬು ಕತ್ತರಿಸಿ ತಂದು ವಾಯರಿಗೆ ಬಿಗಿಯಾಗಿ ಸುತ್ತಿದಳು. ದುರ್ಗಪ್ಪ ಪ್ಲಗ್ ಮರಳಿ ಕೂರಿಸಿ, ದೋಣಿಯಂಚಿನ ಮೇಲೆ ವೀರನಂತೆ ನಿಂತು ಎಳೆದ. ಹಳೆಯ ಮೋಟರು, ಗೇರು ಇಲ್ಲ, ಹೊತ್ತಿದ ಕ್ಷಣವೇ ಓಟ. ದೋಣಿ ಮುಂದೆ ಹಾರಿತು. ದುರ್ಗಪ್ಪ ಹಗ್ಗದ ಸಮೇತ ಅಲ್ಲೇ ಉಳಿದ, ಮೊದಲು ಗಾಳಿಯಲ್ಲಿ, ಆಮೇಲೆ ಶರಾವತಿಯಲ್ಲಿ. ದೇವಿ ಮೋಟರಿನ ಹಿಡಿಕೆ ಹಿಡಿದಳು. ಡೋಲು ಮತ್ತೆ ಮೊಳಗಿತು.

ಯಾರದೋ ಪಾತಿದೋಣಿ ಹತ್ತಿ, ಅಂಬಿಗನ ಮೊಳಕಾಲುದ್ದದ ಪಂಚೆ ಉಟ್ಟು ಅವನು ತಲುಪುವಾಗ ಪಾಯಸ ಬಡಿಸುತ್ತಿದ್ದರು.

“ತಿರುಗಿಸ್ಕಂಡು ಬಂದು ನನ್ನ ಹತ್ತಿಸ್ಕಂಬುಕೆ ನಿಂಗೆ ಎಂತ ಆಗಿತ್ತು?” ಎಂದು ತಗ್ಗಿದ ದನಿಯಲ್ಲಿ ಕೇಳಿದ.

“ಅದನ್ನ ನಿಲ್ಸೂದು ಹ್ಯಾಂಗೆ ಅಂತ ನೀವು ಒಂದಿನವೂ ಹೇಳ್ಲಿಲ್ಲ.”

(ಆ ಪ್ರಶ್ನೆ ಈಚೆಗೆ ಎದ್ದಿರಲೂ ಇಲ್ಲ.)

“ಮತ್ತೆ ಇಲ್ಲಿ ಹ್ಯಾಂಗೆ ನಿಲ್ಸಿದೆ?”

“ಸೆರಗು ಸುತ್ತಿ ಆ ವಾಯರ್ ಕಿತ್ತೆ. ಆತು.”

ಮುಂದಿನ ವಾರದಿಂದ ಮೋಟರಿನ ಬಳಿ ದೇವಿ ಕೂತಳು. ದುರ್ಗಪ್ಪ ದೋಣಿಯ ಮೂತಿಯಲ್ಲಿ ಕೂತು, ಒಳಗೆ ನುಗ್ಗಿದ ನೀರನ್ನು ಚಿಪ್ಪಿನಿಂದ ಮೊಗೆದು ಚೆಲ್ಲುತ್ತ, ಎಡಕ್ಕೆ ಬಲಕ್ಕೆ ಎಂದು ಅಪ್ಪಣೆ ಕೊಡುತ್ತಿದ್ದ. ಮೋಟರಿನ ಸದ್ದಿನಲ್ಲಿ ದೇವಿಗೆ ಅದೊಂದೂ ಕೇಳಿಸುತ್ತಿರಲಿಲ್ಲ ಎಂಬುದನ್ನು ಆ ದೋಣಿಯಲ್ಲಿ ದಾಟಿದವರು ಇವತ್ತಿಗೂ ನೆನೆದು ನಗುತ್ತಾರೆ.