ಹಿಂದ ನೋಡ್ರೀ!

ರಾಯಚೂರಿನ ಜನ ಒಮ್ಮೆಯಾದರೂ ನನ್ನ ಕಾರನ್ನು ಕತ್ತು ಹೊರಳಿಸಿ ನೋಡಬೇಕು! ಯುಗಾದಿಯ ಮರುದಿನ ಹಲ್ಲುಜ್ಜುತ್ತ ನಾನು ಕೈಗೊಂಡ ಘನಘೋರ ಪ್ರತಿಜ್ಞೆ ಇದು. ಬಾಯಿ ತುಂಬ ನೊರೆ ಇದ್ದದ್ದರಿಂದ ಅದು ಹೊರಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ನನ್ನ ಹೆಂಡತಿ ವಿಜಯಲಕ್ಷ್ಮಿ ಅಲ್ಲೇ ತಡೆಯುತ್ತಿದ್ದಳು, ನನ್ನ ಮಾನ ಉಳಿಯುತ್ತಿತ್ತು.

ನಮ್ಮದು ಯಾರೋ ಓಡಿಸಿ ಸಾಕಾಗಿ ಮಾರಿದ ಸಣ್ಣ ಬಿಳಿ ಕಾರು. ಬಿಳಿ ಎನ್ನುವುದು ಹಳೆಯ ಮಾತು; ನಮ್ಮೂರ ಬಿಸಿಲಿಗೆ ಅದೀಗ ಕೆನೆಗಟ್ಟಿದ ಚಹಾದ ಬಣ್ಣಕ್ಕೆ ತಿರುಗಿದೆ. ದೇವಸುಗೂರಿಗೆ ಹೋದಾಗ ಕಲ್ಲಿಗೆ ಬಡಿದು ಜೋತುಬಿದ್ದ ಬಂಪರನ್ನು ತಂತಿಯಿಂದ ಕಟ್ಟಿದ್ದೇನೆ. ಸೈಲೆನ್ಸರಿಗೆ ತೂತು ಬಿದ್ದಿದೆ. ಇಂಥ ರಥವೇರಿ ನಾನು, ಅಂದರೆ ಗೊಬ್ಬರದ ಕಂಪನಿಯೊಂದರ ಗುಮಾಸ್ತ ಕೊಟ್ರೇಶ, ಮೊಬೈಲಿನಲ್ಲಿ 'ಗುಡುಗು ಗಾಡಿ ಬಳಗ' ಸೇರಿಬಿಟ್ಟೆ!

ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಮಾಡಿಫೈಡ್ ಕಾರುಗಳ ಹುಚ್ಚರೆಲ್ಲ ಸೇರಿರುವ ವಾಟ್ಸಾಪ್ ಗುಂಪು ಅದು. ಒಬ್ಬನ ಕಾರಿನ ಹೊಟ್ಟೆಯ ಕೆಳಗೆ ನೀಲಿ ದೀಪ, ಇನ್ನೊಬ್ಬನದಕ್ಕೆ ಬೆನ್ನಿನ ಮೇಲೆ ರೆಕ್ಕೆ. ಅಡ್ಮಿನ್ ದೇವದುರ್ಗದ ಮೌನೇಶ. ಕಾರಿನ ಹಾರ್ನು, ದೀಪ, ಸೀಟ್ ಕವರಿನ ಅಂಗಡಿ ಇಟ್ಟವನು. ಹೆಸರಿಗಷ್ಟೇ ಮೌನೇಶ, ಅವನ ಕಾರು ಬಂದರೆ ಬೀದಿಯ ಮೌನ ಓಡಿಹೋಗುತ್ತದೆ!

ಹೊಸಬನನ್ನು ಕಂಡೊಡನೆ ಅವನ ಮೊದಲ ಪ್ರಶ್ನೆ ಬಂತು: "ಅಣ್ಣಾ, ಗಾಡಿ ಸ್ಟಾಕಾ?"

ನಾನು ಗೊಬ್ಬರದ ಕಚೇರಿಯವನು. ಸ್ಟಾಕು ನನಗೆ ಗೊತ್ತಿಲ್ಲದ ವಿಷಯವೇ? ಠೀವಿಯಿಂದ ಬರೆದೆ: "ಸದ್ಯಕ್ಕ ಒಂದೇ ಸ್ಟಾಕ್ ಅದ. ಮಾರೂದಿಲ್ಲ."

ನಗುವ ಮುಖಗಳ ಮಳೆ ಸುರಿಯಿತು. ಕಂಪನಿಯಿಂದ ಹೇಗೆ ಬಂತೋ ಹಾಗೇ ಇರುವ ಕಾರಿಗೆ ಅಲ್ಲಿ 'ಸ್ಟಾಕ್' ಅನ್ನುತ್ತಾರಂತೆ, ಹಾಗಿರುವುದು ಅವಮಾನವಂತೆ. ಅವಮಾನ ಮುಚ್ಚಿಕೊಳ್ಳಲು ಸುಳ್ಳು ಹೊಸೆದೆ. "ತಮಾಷಿ ಮಾಡಿದೆ. ನಂದು ಫುಲ್ ಮಾಡಿಫೈಡ್!" ತಂತಿ ಕಟ್ಟಿದ ಬಂಪರು 'ಕೈಕೆಲಸದ ಸ್ಟೀಲ್ ಡಿಸೈನ್' ಆಯಿತು. ತುಕ್ಕು ಹಿಡಿದ ಬಾಗಿಲು 'ರಸ್ಟ್ ಫಿನಿಶ್' ಆಯಿತು. ತೂತು ಬಿದ್ದ ಸೈಲೆನ್ಸರಂತೂ 'ಸ್ಪೆಷಲ್ ಸೌಂಡ್' ಎಂಬ ಬಿರುದು ಹೊತ್ತಿತು!

"ಹಂಗಾದ್ರ ಸೌಂಡ್ ಕಳಸ್ರಿ ಅಣ್ಣಾ, ಕೇಳೂಣು" ಎಂದ ಮೌನೇಶ.

ನಾನು ಇಡೀ ದಿನ ಫೋನಿಗೆ ಅಂಟಿಕೊಂಡದ್ದನ್ನು ಕಂಡು ವಿಜಯಲಕ್ಷ್ಮಿ, "ಏನದು, ಅಷ್ಟು ಹಲ್ಲು ಕಿಸಿಯಾಕತ್ತೀರಿ?" ಎಂದಳು.

"ಮಾಡಿಫೈ ಅಂತ. ನಿನಗ ತಿಳಿಯೂದಿಲ್ಲ."

"ತಿಳೀತದ. ಮೊದಲ ಮಾಡಿ, ಆಮ್ಯಾಲ ಫೈನ್ ಕಟ್ಟೂದು!"

ಅವಳು ಮಾನ್ವಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮಾತು ಮೆಲ್ಲಗೆ, ಉಚ್ಚಾರ ಸ್ವಚ್ಛ. ಹುಡುಗಿಯರು ಗದ್ದಲ ಮಾಡಿದರೂ ದನಿ ಏರಿಸುವವಳಲ್ಲ. ಅವಳು ಗಂಟಲು ತೆರೆಯುವುದು ಜಗತ್ತಿನಲ್ಲಿ ಒಬ್ಬನ ಮೇಲೆ ಮಾತ್ರ, ಆ ಭಾಗ್ಯವಂತ ಯಾರೆಂದು ಹೇಳಬೇಕಾಗಿಲ್ಲ.

ರವಿವಾರ ಬೆಳಿಗ್ಗೆ ಫೋನನ್ನು ರೆಕಾರ್ಡಿಂಗಿಗೆ ಹಚ್ಚಿ, ಕಾರಿನ ಹಿಂದೆ ಕಟ್ಟೆಯ ಮೇಲಿಟ್ಟೆ. ಒಳಗೆ ಕೂತು ಆಕ್ಸಿಲರೇಟರ್ ಒತ್ತಿದೆ. ಆಹಾ, ಏನು ಗರ್ಜನೆ! ಕಾರು ಮುಂದೆ ಹೋದರೆ ಸದ್ದು ದೂರವಾಗುತ್ತದೆ; ಹಿಂದೆ ಬಂದರೆ ಫೋನಿಗೆ ಹತ್ತಿರವಾಗುತ್ತದೆ ಎಂಬ ಮಹಾಜ್ಞಾನ ಹೊಳೆದು ರಿವರ್ಸ್ ಗೇರು ಹಾಕಿದೆ. ಅಂಗಳದಲ್ಲಿ ಅವಳು ಸಂಡಿಗೆ ಒಣಗಹಾಕಿದ್ದು ಆ ಜ್ಞಾನದೊಳಗೆ ಇರಲಿಲ್ಲ.

"ಹಿಂದ ನೋಡ್ರೀ! ಹಿಂದ ನೋಡ್ರೀ! ಕಣ್ಣು ಎಲ್ಲಿ ಇಟ್ಟೀರಿ? ನಿಲ್ಲಸ್ರೀ!"

ನಿಲ್ಲಿಸಿದೆ. ಸಂಡಿಗೆಯ ಮೇಲೆ ನಿಲ್ಲಿಸಿದೆ. ಮುಂದಿನ ಅರ್ಧ ದಿನದ ವರದಿ ಇಲ್ಲಿ ಬೇಡ.

ಆ ಗಡಿಬಿಡಿಯಲ್ಲಿ ನಾನು ರೆಕಾರ್ಡಿಂಗಿನ ಮೊದಲ ತುಣುಕನ್ನಷ್ಟೇ ಕೇಳಿ ಇಡಿಯದನ್ನು ಬಳಗಕ್ಕೆ ಕಳಿಸಿಬಿಟ್ಟೆ. ಆಮೇಲೆ ಗುಂಪು ಹುಚ್ಚೆದ್ದು ಕುಣಿಯಿತು. ಸೈಲೆನ್ಸರಿನ ಬಗ್ಗೆ ಒಬ್ಬನೂ ಚಕಾರವೆತ್ತಲಿಲ್ಲ!

"ಅಣ್ಣಾ, ರಿವರ್ಸ್ ಹಾರ್ನ್ ಭಾರಿ ಅದ! 'ಹಿಂದ ನೋಡ್ರೀ' ಅನ್ನೂ ಹೆಣ್ಮಗಳ ದನಿ ಯಾವ ಕಂಪನಿದು?" ಎಂದು ಮೌನೇಶ ಕೇಳಿದ.

ಇಲ್ಲಿ, ಓದುಗ ಮಹಾಶಯರೇ, ನನ್ನ ನಾಚಿಕೆಯ ಕಥೆ ನಿಜವಾಗಿ ಶುರುವಾಗುತ್ತದೆ. 'ಅದು ನನ್ನ ಹೆಂಡತಿ, ನಾನು ಸಂಡಿಗೆ ತುಳಿದೆ' ಎಂದು ಬರೆಯಬಹುದಿತ್ತು. ಬೆರಳು ಬರೆಯಲಿಲ್ಲ. ಅಷ್ಟು ಮಂದಿ ಗಂಡಸರೆದುರು ಬೈಸಿಕೊಂಡವನು ಎನಿಸಿಕೊಳ್ಳುವುದೇ? ಬೆರಳು ಬೇರೆಯೇ ಬರೆಯಿತು: "ಕಂಪನಿದು ಅಲ್ಲ. ನಾನೇ ಕೂತು ಮಷೀನಿನ್ಯಾಗ ತಯಾರ್ ಮಾಡಿದ ದನಿ. ಬೇಕಾದವ್ರು ಹಾಕ್ಕೋರಿ!"

ಮೌನೇಶ ಆ ತುಣುಕನ್ನು ಕತ್ತರಿಸಿ ಹಾರ್ನಿನೊಳಗೆ ತುಂಬಿದ. ನನಗೆ 'ಸೌಂಡ್ ಗುರು' ಎಂಬ ಪದವಿ ಸಿಕ್ಕಿತು. ಕೆಲವು ದಿನ ಕಚೇರಿಯಲ್ಲೂ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಒಂದು ಮಧ್ಯಾಹ್ನ ತೀನ್ ಕಂದೀಲ್ ಸರ್ಕಲ್ಲಿನ ಬಳಿ ಹಣ್ಣು ಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಗುಡುಗು: "ಹಿಂದ ನೋಡ್ರೀ! ಕಣ್ಣು ಎಲ್ಲಿ ಇಟ್ಟೀರಿ?"

ಕೈಯಲ್ಲಿದ್ದ ಪೇರಲಹಣ್ಣು ಉದುರಿಬಿತ್ತು. "ಬಂದೆ, ಬಂದೆ!" ಎನ್ನುತ್ತ ತಿರುಗಿದರೆ ಹೆಂಡತಿಯಿಲ್ಲ, ಹಿಂದಕ್ಕೆ ಬರುತ್ತಿರುವ ಟೆಂಪೊ! ನನ್ನೊಡನೆ ಬೀದಿಯ ಗಂಡಸರೆಲ್ಲ ಬೆಚ್ಚಿ ಸರಿದು ನಿಂತಿದ್ದರು. ವಿಜಯಲಕ್ಷ್ಮಿ ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗುವವಳು. ಈ ಟೆಂಪೊ ಅಲ್ಲಿಗೆ ಹೋದರೆ?

ಅಲ್ಲೇ ನಿಂತು ಮೌನೇಶನಿಗೆ ಫೋನು ಮಾಡಿದೆ. "ತಮ್ಮಾ, ಆ ದನಿ ತಗಿಸಿಬಿಡು. ಅದರಾಗ ಸ್ವಲ್ಪ ದೋಷ ಅದ."

"ಎಲ್ಲಿ ದೋಷ ಅಣ್ಣಾ! ಮಾನ್ವಿಗೆ ಬಾಳ ಮಂದಿ ಒಯ್ದಾರ. ಮಲ್ಲಟದ ಟ್ರ್ಯಾಕ್ಟರಿಗೂ ಹಾಕೀವಿ. ಎಮ್ಮಿ ಸೈತ ಸರದು ನಿಲ್ತಾವ!"

ಆ ಸಂಜೆ ಅವಳು ಶಾಲೆಯಿಂದ ಬಂದವಳು ಚೀಲವನ್ನು ಮೊಳೆಗೆ ಹಾಕಿ, ಮುಖ ತೊಳೆದು, ನನ್ನೆದುರು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವತ್ತು ಮಾನ್ವಿ ಬಸ್ ಸ್ಟ್ಯಾಂಡಿನ್ಯಾಗ ನಾನು ಬಾಯಿ ಮುಚ್ಕೊಂಡು ನಿಂತಿದ್ದೆ. ಆದ್ರ ಚೀರಿದೆ" ಎಂದಳು.

ನಾನು ನೆಲ ನೋಡಿದೆ.

"ಹುಡುಗ್ಯಾರು ಬಾಜೂಕ ನಿಂತಿದ್ರು. 'ಟೀಚರ್, ನಿಮ್ಮ ದನಿ!' ಅಂದ್ರು. ಹೆಡ್‌ಮಿಸ್ ಗುರುಶಾಂತಮ್ಮಾರೂ ಇದ್ರು. ನನಗ ಎಲ್ಲಿ ಮಾರಿ ಇಟ್ಕೋಬೇಕು ತಿಳೀಲಿಲ್ಲ. ಗಾಡಿಯವನ್ನ ಕೇಳಿದೆ. ಯಾರೋ ರಾಯಚೂರಿನ ಸೌಂಡ್ ಗುರು ಅಂತ, ಮಷೀನಿನ್ಯಾಗ ತಯಾರ್ ಮಾಡ್ಯಾರಂತ."

"ಅದು, ಲಕ್ಷ್ಮೀ, ಹಂಗಲ್ಲ..."

"ಹೆಂಡ್ತಿ ಅಂತ ಹೇಳಾಕ ನಾಚಿಕಿ ಬಂತು. ಮಷೀನ್ ಅಂತ ಹೇಳಾಕ ನಾಚಿಕಿ ಬರಲಿಲ್ಲ, ಹೌದಿಲ್ಲೋ?"

ಅವಳ ಕಣ್ಣಲ್ಲಿ ನೀರಿತ್ತು. ಇಷ್ಟು ಹೊತ್ತು ನಗುತ್ತ ಹೇಳಿಕೊಂಡು ಬಂದೆ. ಆ ಕ್ಷಣ ನೆನೆದರೆ ಈಗಲೂ ನಗು ಬರುವುದಿಲ್ಲ. ತಪ್ಪಾಯಿತೆಂದೆ. ಊರೂರು ತಿರುಗಿ ಎಲ್ಲ ಹಾರ್ನುಗಳನ್ನೂ ನಾನೇ ಕಿತ್ತು ತರುತ್ತೇನೆಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಬಳಗದವ್ರು ಎಲ್ಲಿ ಕೂಡ್ತಾರ?" ಎಂದಳು.

"ಬರೂ ರವಿವಾರ ದೇವದುರ್ಗದಾಗ."

"ನಡೀರಿ, ನಾನೂ ಬರ್ತೀನಿ."

ದೇವದುರ್ಗದ ಹೊರಗಿನ ಬಯಲಿನಲ್ಲಿ ಕಾರುಗಳು ಮದುಮಕ್ಕಳಂತೆ ಸಿಂಗರಿಸಿಕೊಂಡು ಸಾಲಾಗಿ ನಿಂತಿದ್ದವು. "ಸೌಂಡ್ ಗುರು ಬಂದ್ರು!" ಎಂದು ಕೂಗುತ್ತ ಎಲ್ಲರೂ ಓಡಿಬಂದರು. ಬಂದವರು ನನ್ನ ಕಾರನ್ನು ಕಂಡು ನಿಂತರು. ಮೌನೇಶ ಬಂಪರಿನ ತಂತಿಯನ್ನು ಮೆಲ್ಲಗೆ ಮುಟ್ಟಿ ನೋಡಿದ. ತಂತಿ ಬಿಚ್ಚಿಕೊಂಡು ಬಂಪರು ಅವನ ಕಾಲ ಬಳಿಯೇ ಉದುರಿತು!

"ಅಣ್ಣಾ, ಇದು ಡಿಸೈನ್ ಅಂದಿದ್ರಿ..."

"ಅಲ್ಲಪಾ. ಮುರದದ್ದು. ತುಕ್ಕೂ ಖರೇ ತುಕ್ಕು. ಸೈಲೆನ್ಸರಿಗೆ ತೂತು ಬಿದ್ದದ" ಎಂದೆ. "ಮತ್ತ ಆ ದನಿ ಮಷೀನಿಂದಲ್ಲ. ಇವರು ನನ್ನ ಹೆಂಡ್ತಿ ವಿಜಯಲಕ್ಷ್ಮಿ. ಅದು ಇವರ ದನಿ. ಕೇಳದನ ಕೊಟ್ಟುಬಿಟ್ಟೆ. ಬೈಸಿಕೊಂಡಾಂವ ನಾನು."

ಗುಡುಗು ಗಾಡಿ ಬಳಗ ಮೊದಲ ಬಾರಿಗೆ ಮೌನವಾಯಿತು. ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ. ಅವರು ನಗಲಿಲ್ಲ, ನನ್ನನ್ನು ಬಿಟ್ಟು ಅವಳ ಮುಂದೆ ಕೈಕಟ್ಟಿ ನಿಂತರು. ಅಷ್ಟರಲ್ಲಿ ಯಾರದೋ ಕಾರು ಹ್ಯಾಂಡ್‌ಬ್ರೇಕ್ ಇಲ್ಲದೆ ಮೆಲ್ಲಗೆ ಜಾರತೊಡಗಿತು. "ಏ, ಹಿಂದ ನೋಡ್ರೀ!" ಎಂದಳು ವಿಜಯಲಕ್ಷ್ಮಿ. ಒಬ್ಬರಿಗೆ ಹೇಳಿದ್ದು, ಅಲ್ಲಿದ್ದ ಗಂಡಸರೆಲ್ಲ ಗಿರ್ರನೆ ಹಿಂದೆ ತಿರುಗಿದರು!

ಅವಳಿಗೇ ನಗು ತಡೆಯಲಿಲ್ಲ.

ಮೌನೇಶ ಕೈ ಮುಗಿದ. "ಅಕ್ಕಾರ, ನಮಗ ಗೊತ್ತಿದ್ದಿಲ್ರೀ. ಇವತ್ತ ಎಲ್ಲಾ ಗಾಡ್ಯಾಗಿಂದ ತಗೀತೀವಿ."

ಆಗ ಮುಂದೆ ಬಂದವರು ಸತ್ತಾರ್ ಸಾಬ್. ಸಾಮಾನು ಸಾಗಿಸುವ ಟೆಂಪೊದವರು. ಗಡ್ಡ ನರೆತಿದ್ದರೂ ಟೆಂಪೊಗೆ ಬಣ್ಣದ ದೀಪ ಹಾಕುವುದನ್ನು ಬಿಟ್ಟವರಲ್ಲ. "ತಗಿಬ್ಯಾಡ್ರಿ ಬೇಟಾ, ಮೇಡಂ ಒಪ್ಪಿದ್ರ ಇರಲಿ" ಎಂದರು. "ಮೊದಲಿನ ಟೂಂಟೂಂ ಸಪ್ಪಳಕ್ಕ ಸಂತ್ಯಾಗ ಯಾರೂ ಸರೀತಿದ್ದಿಲ್ಲ. ಒಮ್ಮೆ ಒಂದು ಕೂಸು ಚಕ್ರದ ಬಾಜೂಕ ಬಂದಿತ್ತು, ನನ್ನ ಜೀವ ಹೋಗಿತ್ತು. ಇವರ ದನಿ ಕೇಳಿದ್ರ ತಾಯಂದಿರು ಓಡಿಬಂದು ಮಕ್ಕಳನ್ನ ಎತ್ಕೋತಾರ."

ವಿಜಯಲಕ್ಷ್ಮಿ ಮೌನೇಶನತ್ತ ತಿರುಗಿ, ಟೀಚರ್ ದನಿಯಲ್ಲಿ ಹೇಳಿದಳು: "ಈ ಬೈಗಳ ತಗೀರಿ. ಇದು ನಮ್ಮ ಮನಿದು. ಬ್ಯಾರೆ ಹೇಳ್ತೀನಿ, ಅದನ್ನ ಹಾಕ್ರಿ."

ಮೌನೇಶ ಓಡಿಹೋಗಿ ಮೈಕು ತಂದ. ಒಬ್ಬ ನೆರಳಿಗೆ ಕುರ್ಚಿ ಹಾಕಿದ, ಇನ್ನೊಬ್ಬ ಮಜ್ಜಿಗೆ ತಂದ. ನನ್ನನ್ನು ಕೂಡು ಎಂದವರಿಲ್ಲ. ಉದುರಿದ ಬಂಪರನ್ನು ಎತ್ತಿಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದೆ. ಅವಳು ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವೂ ಮುತ್ತಿನಂತೆ ಬೀಳುವ ಹಾಗೆ ಏನೋ ಹೇಳಿದಳು. ದೂರದಲ್ಲಿದ್ದ ನನಗೆ ಕೇಳಿಸಲಿಲ್ಲ. ಕೇಳಿದವರು ಮಾತ್ರ ನನ್ನ ಕಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನು ಹೇಳಿದಿ?" ಎಂದು ವಾಪಸು ಬರುವಾಗ ಕೇಳಿದೆ.

"ಮುಂದ ನೋಡಿ ಗಾಡಿ ಹೊಡೀರಿ" ಎಂದಳು.

ಹೇಳಿದ್ದೇನೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಕಚೇರಿಯ ಹಿರಿಯರಾದ ಶರಣಯ್ಯನವರೊಡನೆ ಚಹಾ ಕುಡಿಯಲು ಹೊರಟಿದ್ದೆ. ಗೋದಾಮಿನ ಮುಂದೆ ಟೆಂಪೊ ಹಿಂದಕ್ಕೆ ಬರುತ್ತಿತ್ತು. ಅದರೊಳಗಿಂದ ತಂಪಾದ, ತಿದ್ದಿದ ದನಿ:

"ಬಾಜೂಕ ಸರೀರಿ. ಗಾಡಿ ಹಿಂದಕ್ಕ ಬರಾಕತ್ತದ. ನಡಸಾವ್ರ ಮ್ಯಾಲ ಭರೋಸಾ ಇಡಬ್ಯಾಡ್ರಿ, ನಿಮ್ಮ ಜೀವ ನೀವೇ ನೋಡ್ಕೋರಿ."

ಶರಣಯ್ಯನವರು ತಲೆದೂಗಿದರು. "ಎಷ್ಟು ಛಂದ ದನಿ! ಯಾರ್ದಿರಬೇಕು?"

ಈ ಸಲ ನಾನು ತಡವರಿಸಲಿಲ್ಲ. ಬೀದಿಗೆಲ್ಲ ಕೇಳುವಂತೆ, ಎದೆ ತಟ್ಟಿ ಹೇಳಿದೆ: "ನನ್ನ ಹೆಂಡ್ತಿದು, ಯಜಮಾನ್ರ!"

ಅವರು ಟೆಂಪೊ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡರು.

"ಹಂಗಾದ್ರ ಆಕಿ ಭರೋಸಾ ಇಡಬ್ಯಾಡ್ರಿ ಅನ್ನಾಕತ್ತಿದ್ದು ನಿಮ್ಮ ಮ್ಯಾಲೇನು?"