ಕುರಿಗಳಿಗೆ ನಾನು ಮಾಡಿದ ಸ್ವಾಗತ ಭಾಷಣ

ನಾಲ್ಕು ಬೊಂಬು, ಒಂದು ಶಾಮಿಯಾನ, ಒಂದು ಮೈಕು. ಇಷ್ಟಿದ್ದರೆ ಜಗತ್ತಿನ ಯಾವ ಸಮಸ್ಯೆಯನ್ನಾದರೂ ಬಗೆಹರಿಸಬಹುದು ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬದೆ ಏನು ಮಾಡಲಿ? ಮೂಡಲಗಿಯಲ್ಲಿ ಪೆಂಡಾಲು, ಮೈಕು ಬಾಡಿಗೆಗೆ ಕೊಡುವುದೇ ನನ್ನ ಉದ್ಯೋಗ. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಬಟ್ಟೆ ನನ್ನದು, ಬೊಂಬು ನನ್ನದು. ಯಾರೂ ಕೇಳದಿದ್ದರೂ ಸ್ವಾಗತ ಭಾಷಣವೂ ನನ್ನದೇ! ಜನ ಪ್ರೀತಿಯಿಂದ ನನ್ನನ್ನು ಮೈಕ್ ಮಲ್ಲಪ್ಪ ಅನ್ನುತ್ತಾರೆ. ಪ್ರೀತಿಯಿಂದಲೇ ಎಂದು ನಾನು ತಿಳಿದುಕೊಂಡಿದ್ದೇನೆ.

ನಮ್ಮ ಓಣಿ ಊರ ಅಂಚಿನಲ್ಲಿದೆ. ಸಂತೆಯ ದಿನ ಬಿಟ್ಟರೆ ಇಲ್ಲಿ ತಾಜಾ ತಪ್ಪಲು ಪಲ್ಯ, ಅಂದರೆ ಸೊಪ್ಪು, ಸಿಗುವುದಿಲ್ಲ. ಕೈಗಾಡಿಯವನು ಊರೆಲ್ಲ ಸುತ್ತಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಮೆಂತ್ಯ ಸೊಪ್ಪು ತಲೆ ಕೆಳಗೆ ಹಾಕಿರುತ್ತದೆ. ನಾವೆಲ್ಲ ಬದನೆಕಾಯಿ, ಆಲೂಗಡ್ಡೆ ತಿಂದುಕೊಂಡು ಹಾಯಾಗಿಯೇ ಇದ್ದೆವು. ಅಷ್ಟರಲ್ಲಿ ಬಾಜೂ ಮನೆಯ ಶಾಂತವ್ವನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮುಖವೆಲ್ಲ ಬಿಳಿಚಿಕೊಂಡಿತ್ತು. ರಕ್ತ ಬಹಳ ಕಡಿಮೆ ಇದೆ, ಗುಳಿಗೆಯ ಜೊತೆ ದಿನಾ ಹಸಿರು ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿದರು. ಶಾಂತವ್ವ ದಿನವೂ ಬಾಗಿಲಲ್ಲಿ ನಿಂತು ಕೈಗಾಡಿಯ ದಾರಿ ಕಾಯತೊಡಗಿದಳು. ಅದನ್ನು ನೋಡಿ ನನ್ನ ಹೆಂಡತಿ ಸುವರ್ಣಾಗೆ ತಡೆಯಲಾಗಲಿಲ್ಲ.

"ನಮ್ಮ ಓಣ್ಯಾಗ ಖಾಲಿ ಜಾಗಾ ಬಿದ್ದೈತಿ. ಎಲ್ಲಾರೂ ಕೂಡಿ ನಾವ ಬೆಳ್ಯೂಣು" ಅಂದಳು.

ಜಾಗದ ಮಾಲಕರು ಹುಕ್ಕೇರಿಯಲ್ಲಿರುತ್ತಾರೆ. ಫೋನ್ ಮಾಡಿದರೆ, "ನಾ ಮನಿ ಕಟ್ಟೂ ತನಕಾ ಏನರ ಬೆಳಕೊಳ್ರಿ, ನನಗೂ ಒಂದ ಸಿವುಡ ಮೆಂತ್ಯಾ ಇಡ್ರಿ" ಅಂದರು. ಮರುದಿನವೇ ಕೆಲಸ ಶುರು. ಜಾಲಿ ಕಡಿದರು, ಕಲ್ಲು ಆರಿಸಿದರು, ಬಿತ್ತಲು ಮಡಿ ಮಾಡಿದರು. ಎದುರು ಮನೆಯ ಗಂಗವ್ವ ತನ್ನ ತವರು ನಾಗನೂರಿನಿಂದ ಸಬ್ಬಸಗಿ, ರಾಜಗಿರಿ ಬೀಜ ತಂದಳು. ಲಾರಿ ಡ್ರೈವರ್ ಈರಪ್ಪ ನೀರಿಗೆ ಒಂದು ಬ್ಯಾರಲ್ ಉರುಳಿಸಿಕೊಂಡು ಬಂದ. ಚರಂಡಿ ನೀರಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಮನೆಯವರು ಈಗ ಅಕ್ಕಿ ತೊಳೆದ ನೀರನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನೋಡಿ ನನ್ನ ಕಣ್ಣು ತುಂಬಿತು. ನನ್ನ ಕೊಡುಗೆ? ಕಟ್ಟೆಯ ಮೇಲೆ ನಿಂತು ಹುರಿದುಂಬಿಸುವ ಮಹತ್ಕಾರ್ಯವನ್ನು ನಾನೊಬ್ಬನೇ ನಿರ್ವಹಿಸಿದೆ!

ಅರ್ಧ ಜಾಗದಲ್ಲಿ ಬಿತ್ತಿದ್ದು ಗೇಣುದ್ದ ಬೆಳೆದು ನಿಂತಿತು. ಮೊದಲ ಕೊಯ್ಲು ಕಸ್ತೂರಿಗೆ ಎಂದು ಎಲ್ಲರೂ ಒಪ್ಪಿದ್ದರು. ಉಳಿದ ಅರ್ಧಕ್ಕೆ ಗೊಬ್ಬರ ಬೇಕಿತ್ತು. ಆಗ ನನ್ನ ತಲೆ ಓಡಿತು. ಕುರಿಗಾರ ಲಗಮಣ್ಣ ಹಿಂಡು ಹೊಡೆದುಕೊಂಡು ನಮ್ಮ ದಾರಿಯಲ್ಲೇ ಹೊರಟಿದ್ದ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯ ಗೊಬ್ಬರ ಉಂಟೇ? ಯಾರನ್ನೂ ಕೇಳದೆ ಅವನನ್ನು ಕರೆದೇಬಿಟ್ಟೆ.

ಶಾಂತವ್ವ ಗಾಬರಿಯಾದಳು. "ಅಣ್ಣಾರ, ನಾಳೆ ಮುಂಜಾನಿ ಪಲ್ಲೆ ಕೊಯ್ಯೂದೈತಿ. ಕೊಯ್ದ ಮ್ಯಾಲೆ ಕುರಿ ಕರಸ್ರಿ."

"ನಾಳೆ ಅಂವ ಮುಂದಿನ ಊರಿಗೆ ಹೋಗ್ತಾನವ್ವಾ. ನಡುವ ನನ್ನ ಶಾಮಿಯಾನದ ಪಡದಾ ಕಟ್ತೇನಿ. ಒಂದ ಎಲಿ ಹ್ವಾದ್ರ ನನ್ನ ಕೇಳ!"

ಲಗಮಣ್ಣ ತಲೆ ಕೆರೆದುಕೊಂಡ. "ಸಾವಕಾರ್ರ, ನನ್ನ ಹಂತ್ಯಾಕ ಕುರಿ ತಡಿಯೂ ಹಗ್ಗದ ಬಲಿ ಐತಿ. ಅದನ್ನ ಕಟ್ಟೂಣ್ರಿ. ಬರೇ ಅರಬಿ ಪಡದಾಕ್ಕ ಕುರಿ ನಿಲ್ಲಂಗಿಲ್ರಿ."

"ಲಗಮಣ್ಣಾ, ಹಸದ ಬೀಗರನ್ನ ಊಟದ ಮನಿಗೆ ಬಿಡದಂಗ ನಿಲ್ಲಿಸಿದ ಪಡದಾ ಇದು. ನಿನ್ನ ಕುರಿ ಯಾವ ಲೆಕ್ಕ?"

ಕೆಂಪು ಹಳದಿ ಪಡದೆ ಕಟ್ಟಿದೆ. ಸಂಜೆ ಕುರಿಗಳು ಖಾಲಿ ಅರ್ಧದಲ್ಲಿ ಸಾಧುಗಳಂತೆ ನಿಂತವು. ಓಣಿಯ ಜನ ನೋಡಲು ನೆರೆದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಜನ ನೆರೆದಿದ್ದಾರೆ, ಪಡದೆಯಿದೆ, ಇಂಥಲ್ಲಿ ಮೈಕ್ ಇಲ್ಲವೆಂದರೆ ಏನು ಶೋಭೆ?

"ಏನ್ರಿ, ಕುರಿಗೂ ಭಾಷಣಾ ಮಾಡಾವ್ರೇನ ನೀವು?" ಅಂದಳು ಸುವರ್ಣಾ.

ಕುರಿಗಲ್ಲ, ಕುರಿಗಾರನಿಗೆ ಎಂದು ತಿದ್ದಿ ಮೈಕ್ ಹಿಡಿದೆ. "ಸನ್ಮಾನ್ಯ ಲಗಮಣ್ಣನವರೇ, ಅವರೊಂದಿಗೆ ಆಗಮಿಸಿರುವ ಸಮಸ್ತ..."

ಕೀಂಯ್ಯ್ಯ್!

ಮೈಕ್ ಕಿರುಚಿತು. ಮುಂದಿದ್ದ ಟಗರು ಒಮ್ಮೆ ನನ್ನ ಮುಖ ನೋಡಿತು, ತಲೆ ತಗ್ಗಿಸಿತು, ನೇರ ಪಡದೆಗೆ ಗುದ್ದಿತು. ಪರ್ ಎಂದು ಸೀಳಿತು. ಟಗರು ಹೋದ ಮೇಲೆ ಉಳಿದವು ನಿಲ್ಲುತ್ತವೆಯೇ? ಇಡೀ ಹಿಂಡು ಆ ತೂತಿನಿಂದ ಪಲ್ಯದ ಮಡಿಗೆ ನುಗ್ಗಿತು! ನನಗೆ ಕೈಕಾಲು ಆಡಲಿಲ್ಲ. ಬಾಯಿ ಮಾತ್ರ ಅಭ್ಯಾಸಬಲದಿಂದ ಆಡಿತು. "ದಯವಿಟ್ಟು ಎಲ್ಲರೂ ಶಾಂತರಾಗಿ ತಮ್ಮ ತಮ್ಮ ಸ್ಥಳದಲ್ಲಿ ಕುಳಿತುಕೊಳ್ಳಬೇಕು!" ಜನ ಕೂಡಲಿಲ್ಲ, ಓಡಿದರು. ಕುರಿಗಳು ಮಾತ್ರ ನನ್ನ ಮನವಿಗೆ ಬೆಲೆ ಕೊಟ್ಟು, ಶಾಂತವಾಗಿ ನಿಂತು ಸಬ್ಬಸಗಿ ತಿನ್ನತೊಡಗಿದವು. ಲಗಮಣ್ಣ ಕಂಬಳಿ ಬೀಸುತ್ತಾ ಅವುಗಳನ್ನು ಹೊರಗೆ ಹೊಡೆಯುವ ಹೊತ್ತಿಗೆ ಮಡಿಯಲ್ಲಿ ಬರೀ ಕಡ್ಡಿ ಉಳಿದಿದ್ದವು. ಆಮೇಲೆ ಸುವರ್ಣಾ ನನಗೆ ಅಂದ ಮಾತೆಲ್ಲ ಓಣಿಗೆ ಸ್ಪಷ್ಟವಾಗಿ ಕೇಳಿಸಿತು. ಮೈಕ್ ಆಫ್ ಮಾಡಲು ನಾನು ಮರೆತಿದ್ದೆ!

ಶಾಂತವ್ವ ಆ ಕಡ್ಡಿಗಳ ನಡುವೆ ಕುಳಿತುಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ಮೊದಲ ಆ ಮೈಕ್ ಬಂದ್ ಮಾಡ್ರಿ ಅಣ್ಣಾರ" ಅಂದಳು, ಅಷ್ಟೇ. ಹೊಸಿಲಲ್ಲಿ ಕಸ್ತೂರಿ ಗೋಡೆ ಹಿಡಿದು ನಿಂತಿದ್ದಳು. ಆ ಹುಡುಗಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬೆಳಿಗ್ಗೆ ಎಲ್ಲರೂ ನನ್ನ ಮನೆಗೆ ಜಗಳಕ್ಕೆ ಬರುತ್ತಾರೆಂದು ಬಾಗಿಲ ಹಿಂದೆ ಕಾದು ಕುಳಿತೆ. ಯಾರೂ ಬರಲಿಲ್ಲ. ಯಾರಿಗೂ ಪುರುಸೊತ್ತೇ ಇರಲಿಲ್ಲ! ಗಂಗವ್ವ ಮೊದಲ ಬಸ್ಸಿಗೆ ನಾಗನೂರಿಗೆ ಹೋಗಿ ಅಣ್ಣನ ಹೊಲದಿಂದ ಉಡಿ ತುಂಬ ರಾಜಗಿರಿ ತಂದಿದ್ದಳು. ಈರಪ್ಪ ಯಮಕನಮರಡಿಯಿಂದ ಬರುವಾಗೆಲ್ಲ ಲಾರಿಯ ಕ್ಯಾಬಿನ್‌ನಲ್ಲಿ ಪುಂಡಿ, ಮೆಂತ್ಯ ಇಟ್ಟುಕೊಂಡು ಬರತೊಡಗಿದ. ಲಗಮಣ್ಣ ಆ ದಿನ ಮುಂದಿನ ಊರಿಗೆ ಹೋಗಲೇ ಇಲ್ಲ. "ನನ್ನ ಕುರಿ ತಿಂದಾವು, ನನ್ನ ಕುರೀನ ತುಂಬಿ ಕೊಡ್ತಾವು" ಎಂದು, ಈ ಸಲ ತನ್ನ ಬಲೆ ಕಟ್ಟಿ, ಇಡೀ ಜಾಗದಲ್ಲಿ ಹಿಂಡು ನಿಲ್ಲಿಸಿದ. ಹೆಂಗಸರು ಮತ್ತೆ ಮಡಿ ಮಾಡಿದರು, ಮತ್ತೆ ಬಿತ್ತಿದರು. ಯಾರೂ ಸಭೆ ಸೇರಲಿಲ್ಲ, ಯಾರೂ ಘೋಷಣೆ ಮಾಡಲಿಲ್ಲ. ಮೈಕ್ ಇಲ್ಲದೆಯೂ ಇಷ್ಟು ದೊಡ್ಡ ಕೆಲಸ ನಡೆಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ! ನಾನೂ ಸದ್ದಿಲ್ಲದೆ ಕೊಡ ಹಿಡಿದು ಸಾಲಿನಲ್ಲಿ ನಿಂತೆ. ಆ ಜನರ ನಡುವೆ ನಿಲ್ಲುವುದೇ ಒಂದು ಭಾಗ್ಯ ಅನ್ನಿಸಿತು.

ಎರಡನೆಯ ಬೆಳೆ ಬಂದಿತು ನೋಡಿ! ಮೊಣಕಾಲೆತ್ತರದ ಸಬ್ಬಸಗಿ, ಅಂಗೈ ಅಗಲದ ರಾಜಗಿರಿ. ಕಸ್ತೂರಿಯ ಮುಖಕ್ಕೆ ಬಣ್ಣ ಬಂತು. ರಕ್ತ ಸಾಕಷ್ಟು ಏರಿದೆ ಎಂದು ಡಾಕ್ಟರು ಅಂದ ದಿನ ಶಾಂತವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು, ಮತ್ತು ಅದರ ಕಂಠ ನನ್ನ ಮೈಕಿಗಿಂತ ಜೋರು.

ತೊಟ್ಟಿಲ ಕಾರ್ಯಕ್ಕೆ ಪೆಂಡಾಲು ಹಾಕಲು ನನ್ನನ್ನೇ ಕರೆದರು. ಮೈಕ್ ಮಾತ್ರ ಬೇಡ ಎಂದು ಇಡೀ ಓಣಿ ಒಮ್ಮತದಿಂದ ತೀರ್ಮಾನಿಸಿತ್ತು. ಟಗರು ಸೀಳಿದ ಪಡದೆಯನ್ನೇ ಹೊಲಿದು ಕಟ್ಟಿದೆ. ಶಾಂತವ್ವ ಹೇಳಿ ಕಳಿಸಿ ಕರೆಸಿದ್ದ ಲಗಮಣ್ಣನಿಗೆ ಪಟಕಾ ಸುತ್ತಿ ಮಾನ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ ಎಲ್ಲರೆದುರು ಕರೆದಳು. "ಮಲ್ಲಪ್ಪಣ್ಣಾರ, ಬರ್ರಿ ಇಲ್ಲೆ."

ನನ್ನ ಎದೆ ಉಬ್ಬಿತು. ಗಂಟಲು ಸರಿಮಾಡಿಕೊಂಡೆ. ತಾನಾಗಿ ಬಾಯಿ ತೆರೆಯಿತು. "ಸನ್ಮಾನ್ಯ..."

ಅಷ್ಟೇ! ಸಬ್ಬಸಗಿ ಪಲ್ಯ ಸುತ್ತಿದ ದಪ್ಪ ರೊಟ್ಟಿಯ ತುತ್ತನ್ನು ಶಾಂತವ್ವ ತನ್ನ ಕೈಯಾರೆ ನನ್ನ ಬಾಯಿಗೆ ತುರುಕಿದಳು. "ಈಗ ಮಾಡ್ರಿ ಭಾಷಣಾ" ಅಂದು ನಕ್ಕಳು.

ಕಣ್ಣಲ್ಲಿ ನೀರು, ಬಾಯಲ್ಲಿ ರೊಟ್ಟಿ. ಒಂದು ಅಕ್ಷರವೂ ಹೊರಡಲಿಲ್ಲ. ಇಡೀ ಪೆಂಡಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಷ್ಟು ವರ್ಷಗಳ ನನ್ನ ಭಾಷಣಗಳಲ್ಲಿ ಜನ ಮೆಚ್ಚಿದ್ದು ಅದೊಂದನ್ನೇ!