ಮೂರು ಕೇಂದ್ರಗಳ ತುಲನೆ ಮತ್ತು ಒಂದು ಕಾರು

ಕ್ಯಾನ್ಸರ್ ವೈದ್ಯರನ್ನು ತಯಾರಿಸುವ ಫೆಲೋಶಿಪ್ ಕೇಂದ್ರಗಳು ನಮ್ಮ ಸೀಮೆಯಲ್ಲಿ ಮೂರಿವೆ: ಆದೋನಿ, ಕೌತಾಳಂ, ಪತ್ತಿಕೊಂಡ. ಮೂರಕ್ಕೂ ಪ್ರೊಫೆಸರ್ ಡಾ. ಪದ್ಮಜಾ ಒಬ್ಬರೇ. ಮೂರರಲ್ಲೂ ಕಲಿಯುವ ಫೆಲೋ ಶ್ರಾವಣಿ ಒಬ್ಬಳೇ. ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ನಿಷ್ಪಕ್ಷಪಾತವಾಗಿ ರ‍್ಯಾಂಕ್ ನೀಡಲು ನಮ್ಮ ತುಲನಾ ಸಮಿತಿ ಹೊರಟಿತು. ಅಧ್ಯಕ್ಷರು ಭೀಮಲಿಂಗಪ್ಪನವರು, ಬರೆದುಕೊಳ್ಳುವವಳು ನಾನು.

ನಿಯಮದಂತೆ ಪ್ರತಿ ಕೇಂದ್ರವೂ ಒಬ್ಬ ಪ್ರೊಫೆಸರ್, ಒಬ್ಬ ಫೆಲೋ ಮತ್ತು ಚಿಕಿತ್ಸೆ ಪಡೆಯುತ್ತಿರುವ ಒಬ್ಬ ರೋಗಿಯನ್ನು ತೋರಿಸಬೇಕು. ಆದೋನಿಯಲ್ಲಿ ಮೂವರೂ ಇದ್ದರು. ರೋಗಿ, ಚಿಪ್ಪಗಿರಿಯ ಗಾದಿಲಿಂಗಮ್ಮ; ಕೈಗೆ ಕೀಮೋ ಬಾಟ್ಲಿ ಹಚ್ಚಿತ್ತು.

"ಬಂದಾಗೆಲ್ಲ ಡಾಕ್ಟರಮ್ಮ ಬ್ಯಾರೆ ಊರಿಗೆ ಹೋಗ್ಯಾರ ಅಂತಾರ್ರಿ. ಇವತ್ತರ ಈ ಬಾಟ್ಲಿ ಪೂರಾ ನನ್ನ ಮೈಯಾಗ ಇಳೀಲಿ. ಅರ್ಧಕ್ಕ ಬಿಟ್ಟು ಓಡಬ್ಯಾಡವ್ವ."

ಬಾಟ್ಲಿ ಕಾಲುಭಾಗ ಇಳಿಯುವಷ್ಟರಲ್ಲಿ ಕೌತಾಳಂ ತಪಾಸಣೆಯ ಹೊತ್ತಾಯಿತು. ಪದ್ಮಜಾ ಬ್ಯಾಗು ಎತ್ತಿಕೊಂಡರು. ಅಲ್ಲಿ ರೋಗಿ ಇನ್ನೂ ಸಿಕ್ಕಿರಲಿಲ್ಲ.

"ನಾನೂ ಬರ್ತೀನಿ," ಎಂದು ಗಾದಿಲಿಂಗಮ್ಮ ಮಂಚದಿಂದಿಳಿದಳು.

ತಪಾಸಣೆ ಮಾಡುವವರೂ ಮಾಡಿಸಿಕೊಳ್ಳುವವರೂ ಒಂದೇ ಕಾರಿನಲ್ಲಿ ಹೋಗುವುದು ನಿಯಮಬಾಹಿರ. ಇದ್ದದ್ದು ಮಾತ್ರ ಸಮಿತಿಯ ಕಾರೊಂದೇ. ಆದ್ದರಿಂದ ಪ್ರೊಫೆಸರ್, ಫೆಲೋ, ರೋಗಿ ಮೂವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಲಾಯಿತು. ಜಾಗವಿಲ್ಲದೆ ಅವರ ಪಕ್ಕದಲ್ಲಿ ಒತ್ತಿಕೊಂಡ ನಾನು ಅವರನ್ನು ಕಾಣದವಳಂತೆ ಕಿಟಕಿಯಾಚೆ ನೋಡಿದೆ. ಮುಂದೆ ಕೂತ ಅಧ್ಯಕ್ಷರು ಹಿಂತಿರುಗದೆಯೇ ಕೈ ಹಿಂದಕ್ಕೆ ಕೊಟ್ಟು ಬಾಟ್ಲಿ ಹಿಡಿದರು.

"ಸಾರ್, ಕೈ ಇಳೀತೈತಿ. ಮ್ಯಾಲೆ, ಮ್ಯಾಲೆ!" ಎಂದಳು ಗಾದಿಲಿಂಗಮ್ಮ.

"ನೀವ್ಯಾರೋ ನನಗೆ ಗೊತ್ತಿಲ್ಲ," ಎನ್ನುತ್ತ ಅಧ್ಯಕ್ಷರು ಕೈ ಎತ್ತಿದರು.

ಕೌತಾಳಂನಲ್ಲಿ ಅದೇ ಮೂವರ ಪರಿಚಯ ಹೊಸದಾಗಿ ಆಯಿತು. ಪತ್ತಿಕೊಂಡದಲ್ಲಿ ಇನ್ನೊಮ್ಮೆ. ಕೊನೆಯ ಹನಿ ದಾರಿಯಲ್ಲೇ ಇಳಿದಿತ್ತು.

ಮೂರೂ ಕೇಂದ್ರಗಳ ಅಂಕ ಸಮ ಬಂತು. ಸಮ ಬಂದರೆ ರೋಗಿಯ ಮಾತೇ ಅಂತಿಮ ಎನ್ನುತ್ತದೆ ನಿಯಮ.

"ಎಲ್ಲಿ ಚಲೋ ಅನಿಸ್ತಮ್ಮ?" ಅಧ್ಯಕ್ಷರು ಕೇಳಿದರು.

"ಕಾರಿನ್ಯಾಗ."

"ಅದಿರ್ಲಿ, ಮೂರು ಊರಾಗ ಯಾವುದು?"

"ಊರಾಗ ಡಾಕ್ಟರಮ್ಮ ನಿಮ್ಮ ಹಿಂದ ಓಡ್ಯಾಡಿದ್ಲು. ಕಾರಿನ್ಯಾಗ ನನ್ನ ಪಕ್ಕ ಕುಂತ್ಲು, ನಾಡಿ ಹಿಡಿದ್ಲು, ಈ ಹುಡುಗಿಗೂ ಹೇಳಿಕೊಟ್ಲು. ಓಡುವ ಕಾರಿನ್ಯಾಗಿಂದ ಆಕಿ ಎಲ್ಲಿಗೆ ಹೋದಾಳು?"

ಶ್ರಾವಣಿ ತಲೆಯಾಡಿಸಿದಳು. ಈ ವರ್ಷ ಅವಳಿಗೆ ಪಾಠ ನಡೆದದ್ದು ಅಂದೇ.

ಪ್ರಕಟಣೆ ಹೊರಬಿತ್ತು: ಪ್ರಥಮ ರ‍್ಯಾಂಕ್, ಸಮಿತಿಯ ಕಾರು. ಉಳಿದ ಮೂರು ಕೇಂದ್ರಗಳು ಅಕಾರಾದಿಯಾಗಿ. ಯಾರೂ ಆಕ್ಷೇಪಿಸಲಿಲ್ಲ, ಆದೋನಿ ಕೇಂದ್ರದವರು ಕಾರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಮುಂದಿನ ಸಾಲಿನ ಫೆಲೋ ಅರ್ಜಿಗಳೆಲ್ಲ ಕಾರಿಗೇ ಬಂದಿವೆ, ಒಂದರಲ್ಲಿ ಕಿಟಕಿ ಪಕ್ಕದ ಸೀಟು ಕೇಳಿದ್ದಾರೆ.

ಗಾದಿಲಿಂಗಮ್ಮನ ಬಾಟ್ಲಿ ಮೂರು ವಾರಕ್ಕೊಮ್ಮೆ. ಪ್ರಥಮ ರ‍್ಯಾಂಕಿನ ಕೇಂದ್ರವನ್ನು ಮೂರು ವಾರಕ್ಕೊಮ್ಮೆ ಮರುಪರಿಶೀಲಿಸತಕ್ಕದ್ದು ಎಂದು ನಿಯಮಗಳ ಕರಡಿನಲ್ಲಿ ಒಂದು ಸಾಲು ಸೇರಿಸಿದೆ. ಅಧ್ಯಕ್ಷರು ಓದದೆ ಸಹಿ ಹಾಕಿದರು.

ಮೊನ್ನೆ ಚಿಪ್ಪಗಿರಿ ಬಸ್ ಸ್ಟಾಪಿನಲ್ಲಿ ಷೇರ್ ಆಟೋದವನು ಅವಳನ್ನು ಕೂಗಿದನಂತೆ, "ಆಸ್ಪತ್ರಿಗೇನವ್ವ? ಹತ್ತು!"

"ನೀ ನಡಿಯಪ್ಪ," ಎಂದಳಂತೆ ಗಾದಿಲಿಂಗಮ್ಮ, ನೆರಳಿಗೆ ಸರಿದು. "ನಮ್ಮ ಆಸ್ಪತ್ರಿ ಪೆಟ್ರೋಲ್ ಹಾಕಿಸ್ಕೊಂಡು ಬರ್ತೈತಿ."